ವಿಡಿಯೊದಲ್ಲಿ ಕಾಣುವ ತಪ್ಪು, ಕಾಣದ ಕಾರಣ

ಪ್ರಶ್ನೆ: ನಾನಿರುವುದು ನ್ಯೂಜೆರ್ಸಿಯ ಪ್ಲೇನ್ಸ್‌ಬರೊದಲ್ಲಿ. ಊರಲ್ಲಿದ್ದಾಗ ಕ್ರಿಕೆಟ್ ಆಡುತ್ತಿದ್ದೆ, ನಲವತ್ತು ದಾಟಿದ ಮೇಲೆ ಆಫೀಸಿನ ಗೆಳೆಯರ ಜೊತೆ ಗಾಲ್ಫ್ ಶುರುಮಾಡಿದೆ. ಹೊಡೆದ ಚೆಂಡು ಎಡಕ್ಕೆ ಹೊರಟು ಆಮೇಲೆ ದೊಡ್ಡದಾಗಿ ಬಲಕ್ಕೆ ತಿರುಗಿಬಿಡುತ್ತದೆ. ನಮ್ಮ ಕೋಚ್ ಪ್ರತಿ ಪಾಠದಲ್ಲೂ ನನ್ನ ಸ್ವಿಂಗನ್ನು ಫೋನಿನಲ್ಲಿ ಹಿಡಿದು, ಅದರ ಮೇಲೆ ಗೆರೆ ಎಳೆದು ಕಳಿಸುತ್ತಾರೆ. ಕ್ಲಬ್ ಹೊರಗಿನಿಂದ ಒಳಕ್ಕೆ ಬರುತ್ತಿರುವುದು ಅದರಲ್ಲಿ ನನಗೂ ಕಾಣುತ್ತದೆ. ರಾತ್ರಿ ಕೂತು ರೋರಿ ಮೆಕ್‌ಇಲ್ರಾಯ್ ಸ್ವಿಂಗಿನ ಪಕ್ಕದಲ್ಲಿಟ್ಟು ನೋಡುತ್ತೇನೆ. ಕ್ಲಬ್ ಒಳಗಿನಿಂದ ಬರುವಂತೆ ತಿದ್ದಿಕೊಂಡ ಮೇಲೆ ಚೆಂಡು ಇನ್ನೂ ಬಲಕ್ಕೇ ಹೋಗುತ್ತಿದೆ. ಈ ವಿಡಿಯೊದಿಂದ ನಿಜಕ್ಕೂ ಉಪಯೋಗ ಇದೆಯೇ? ಹನ್ನೊಂದು ವರ್ಷದ ಮಗಳೂ ಕಲಿಯುತ್ತಿದ್ದಾಳೆ. ಅವಳಿಗೂ ತೋರಿಸಬೇಕೇ?

ಉತ್ತರ: ಉಪಯೋಗ ಇದೆ. ನಿಮ್ಮ ಕೋಚ್ ಸರಿಯಾದ ಕೆಲಸವನ್ನೇ ಮಾಡುತ್ತಿದ್ದಾರೆ. ತೊಂದರೆ ಇರುವುದು ವಿಡಿಯೊ ಮನೆಗೆ ಬಂದ ಮೇಲೆ. ಅದರಲ್ಲಿ ನಿಮ್ಮ ಕಣ್ಣಿಗೆ ಬಿದ್ದಿರುವುದು ಪರಿಣಾಮ. ಕಾರಣ, ನನ್ನ ಅಂದಾಜಿನಲ್ಲಿ, ನೀವು ಕ್ಲಬ್ ಅಲ್ಲಾಡಿಸುವುದಕ್ಕೂ ಮೊದಲೇ ಇದೆ. ಗೆರೆಗಳನ್ನು ಬಿಟ್ಟು ಚೆಂಡಿನಿಂದ ಶುರುಮಾಡೋಣ.

ನೀವು ಬಲಗೈ ಆಟಗಾರರು ಎಂದುಕೊಂಡು ಹೇಳುತ್ತೇನೆ. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ನಿರ್ಧರಿಸುವುದು ತಗಲಿದ ಕ್ಷಣದಲ್ಲಿ ಕ್ಲಬ್ಬಿನ ಮುಖ ಎತ್ತ ನೋಡುತ್ತಿತ್ತು ಎಂಬುದು. ಗಾಳಿಯಲ್ಲಿ ಅದು ಬಾಗುವುದನ್ನು ನಿರ್ಧರಿಸುವುದು ಆ ಮುಖಕ್ಕೂ ಕ್ಲಬ್ ಸಾಗುತ್ತಿದ್ದ ದಾರಿಗೂ ಇರುವ ಅಂತರ. ಬಹಳ ವರ್ಷ ಗಾಲ್ಫ್ ಪುಸ್ತಕಗಳು ಇದನ್ನು ತಿರುಗಾಮುರುಗಾ ಹೇಳಿಕೊಟ್ಟವು: ಚೆಂಡು ಕ್ಲಬ್ಬಿನ ದಾರಿಯಲ್ಲಿ ಹೊರಡುತ್ತದೆ, ಮುಖ ನೋಡುವ ಕಡೆಗೆ ತಿರುಗುತ್ತದೆ ಎಂದು. 2003ರಲ್ಲಿ ಡೆನ್ಮಾರ್ಕ್‌ನಲ್ಲಿ ಶುರುವಾದ ಟ್ರ್ಯಾಕ್‌ಮನ್ ಮೊದಲಾದ ಕಂಪನಿಗಳ ರೇಡಾರ್ ಯಂತ್ರಗಳು ಅಭ್ಯಾಸದ ರೇಂಜುಗಳಿಗೆ ಬಂದ ಮೇಲೆ ಸಾಮಾನ್ಯ ಕೋಚ್‌ಗಳ ನಡುವೆಯೂ ಆ ನಂಬಿಕೆ ಬಿದ್ದುಹೋಯಿತು.

ಈ ನಿಯಮವನ್ನು ನಿಮ್ಮ ಸ್ಲೈಸ್‌ಗೆ, ಅಂದರೆ ಬಲಕ್ಕೆ ಬಾಗುವ ಆ ಹೊಡೆತಕ್ಕೆ, ಹಚ್ಚಿ ನೋಡಿ. ಕ್ಲಬ್ ಗುರಿಗಿಂತ 5 ಡಿಗ್ರಿ ಎಡಕ್ಕೆ ಸಾಗುತ್ತಿದೆ, ಮುಖ 2 ಡಿಗ್ರಿ ಎಡಕ್ಕಿದೆ ಎಂದಿಟ್ಟುಕೊಳ್ಳಿ. ಚೆಂಡು ಎಡಕ್ಕೆ ಹೊರಡುತ್ತದೆ. ದಾರಿಗೆ ಹೋಲಿಸಿದರೆ ಮುಖ ಬಲಕ್ಕೆ ತೆರೆದಿರುವುದರಿಂದ ಮುಂದೆ ಬಲಕ್ಕೆ ಬಾಗುತ್ತದೆ. ಈಗ ನೀವು ವಿಡಿಯೊದ ಗೆರೆ ನೋಡಿ ದಾರಿಯನ್ನಷ್ಟೇ ತಿದ್ದಿದಿರಿ. ಕ್ಲಬ್ ಒಳಗಿನಿಂದ ಬಂದು 2 ಡಿಗ್ರಿ ಬಲಕ್ಕೆ ಸಾಗತೊಡಗಿತು. ಮುಖ ಮಾತ್ರ ದಾರಿಗಿಂತ 3 ಡಿಗ್ರಿ ತೆರೆದೇ ಉಳಿಯಿತು. ಅಂದರೆ ಗುರಿಯಿಂದ 5 ಡಿಗ್ರಿ ಬಲ. ಚೆಂಡು ಬಲಕ್ಕೇ ಹೊರಟು ಮತ್ತಷ್ಟು ಬಲಕ್ಕೆ ತಿರುಗಿತು. ನೀವು ಬರೆದಿರುವುದು ಇದನ್ನೇ. ತಿದ್ದಿಕೊಳ್ಳಲು ಹೊರಟಿದ್ದನ್ನು ನೀವು ಸರಿಯಾಗಿಯೇ ತಿದ್ದಿಕೊಂಡಿದ್ದೀರಿ. ಶುರುಮಾಡಿದ ಜಾಗ ಮಾತ್ರ ಬೇರೆ ಆಗಬೇಕಿತ್ತು.

ಹೊರಗಿನಿಂದ ಒಳಕ್ಕೆ ಬೀಸುವ ಅಭ್ಯಾಸ ಹೇಗೆ ಬೆಳೆಯುತ್ತದೆ ಎಂದು ಯೋಚಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಮುಖ ತೆರೆದಿರುವವರ ಚೆಂಡು ಮೊದಮೊದಲು ಬಲಕ್ಕೆ ಹೋಗುತ್ತದೆ. ಕಣ್ಣು ಅದನ್ನು ನೋಡುತ್ತದೆ, ಮೈ ತನಗೆ ತಾನೇ ಎಡಕ್ಕೆ ಬೀಸುವುದನ್ನು ಕಲಿಯುತ್ತದೆ. ಅಂದರೆ ವಿಡಿಯೊದಲ್ಲಿ ನೀವು ತಪ್ಪು ಎಂದು ಗುರುತಿಸಿದ ಆ ಬೀಸು, ತೆರೆದ ಮುಖಕ್ಕೆ ನಿಮ್ಮ ಮೈ ಕಂಡುಕೊಂಡ ಪರಿಹಾರ. ಕಾರಣವನ್ನು ಹಾಗೇ ಬಿಟ್ಟು ಆ ಪರಿಹಾರವನ್ನು ಕಿತ್ತುಹಾಕಿದರೆ ಆಟ ಕೆಡದೇ ಇನ್ನೇನಾಗುತ್ತದೆ?

ಹಾಗಾದರೆ ಮುಖ ಏಕೆ ತೆರೆದಿರುತ್ತದೆ? ಅದಕ್ಕೆ ಮೊದಲು ನೋಡಬೇಕಾದದ್ದು ಎಡಗೈ ಹಿಡಿತವನ್ನು. ಎದುರಿನಿಂದ ತೆಗೆದ ವಿಡಿಯೊದಲ್ಲಿ, ಇನ್ನೂ ಏನೂ ಅಲ್ಲಾಡದಿರುವ ಮೊದಲ ಚಿತ್ರವನ್ನು ನಿಲ್ಲಿಸಿ. ಎಡಗೈಯ ಬೆರಳಗಂಟುಗಳು ಎಷ್ಟು ಕಾಣುತ್ತವೆ? ಒಂದು ಕಾಣುವುದೂ ಕಷ್ಟ ಎನ್ನುವಂತಿದ್ದರೆ ನಿಮ್ಮ ಹಿಡಿತ ಗಾಲ್ಫಿನವರು ವೀಕ್ ಗ್ರಿಪ್ ಎನ್ನುವ ಬಗೆಯದು. ಆ ಹಿಡಿತದಲ್ಲಿ ಮುಖವನ್ನು ಮುಚ್ಚಿ ತರುವುದು ಬಹಳ ಕಷ್ಟ. ಎರಡು, ಎರಡೂವರೆ ಗಂಟು ಕಾಣುವಷ್ಟು ಕೈ ಬಲಕ್ಕೆ ತಿರುಗಿಸಿ ಹಿಡಿಯಿರಿ. ಊರಿನಲ್ಲಿ ಕ್ರಿಕೆಟ್ ಆಡಿ ಬಂದು ಇಲ್ಲಿ ಗಾಲ್ಫ್ ಹಿಡಿದ ನಮ್ಮವರಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ನೇರ ಬ್ಯಾಟಿನ ಡ್ರೈವ್‌ನಲ್ಲಿ ಮುಂದಿನ ಕೈಯ ಮೊಣಕೈ ಎತ್ತರದಲ್ಲಿರಬೇಕು, ಬ್ಯಾಟಿನ ಮುಖ ಕೊನೆಯವರೆಗೂ ಬೌಲರ್‌ನತ್ತ ನೋಡುತ್ತಿರಬೇಕು ಎಂದು ಎಳವೆಯಲ್ಲೇ ತಲೆಗೆ ತುಂಬಿರುತ್ತಾರೆ. ಗಾಲ್ಫಿನಲ್ಲಿ ಮುಂದೋಳು ಹೊರಳಬೇಕು, ಮುಖ ಮುಚ್ಚುತ್ತಾ ಬರಬೇಕು. ವರ್ಷಗಟ್ಟಲೆ ಕಲಿತ ಶಿಸ್ತು ಇಲ್ಲಿ ಅಡ್ಡ ನಿಲ್ಲುತ್ತದೆ, ಅದಕ್ಕೆ ಬೇಜಾರಾಗಬೇಡಿ. ಚೆಂಡಿಗೆ ಬ್ಯಾಟು ಕೂಡಿಸುವ ಕಣ್ಣು ನಿಮ್ಮಲ್ಲಿ ಆಗಲೇ ಇದೆ.

ಈಗ ವಿಡಿಯೊ ಏಕೆ ಬೇಕು ಎಂಬ ಮಾತಿಗೆ ಬರುತ್ತೇನೆ. ಕ್ಲಬ್ ಮೇಲಿನಿಂದ ಹೊರಟು ಚೆಂಡನ್ನು ಮುಟ್ಟಲು ತೆಗೆದುಕೊಳ್ಳುವ ಸಮಯ ಸುಮಾರು ಕಾಲು ಸೆಕೆಂಡು. ಅಷ್ಟರಲ್ಲಿ ಏನಾಯಿತು ಎಂದು ಮೈ ಕೊಡುವ ವರದಿಯನ್ನು ನಂಬುವಂತಿಲ್ಲ. ಸೊಂಟ ಪೂರ್ತಿ ತಿರುಗಿತು ಎಂದು ಅನಿಸಿರುತ್ತದೆ, ಚಿತ್ರದಲ್ಲಿ ಅದು ತಿರುಗಿಯೇ ಇರುವುದಿಲ್ಲ. ಅನಿಸಿದ್ದಕ್ಕೂ ಆದದ್ದಕ್ಕೂ ಇರುವ ಈ ದೂರವನ್ನು ತೋರಿಸಲು ವಿಡಿಯೊಗಿಂತ ಒಳ್ಳೆಯ ಸಾಧನ ಇಲ್ಲ. ಗಾಲ್ಫಿನವರು ಸಿನಿಮಾ ಕ್ಯಾಮೆರಾ ಕೈಗೆ ಸಿಕ್ಕಿದ ಕಾಲದಿಂದಲೂ ಇದನ್ನು ಅರಿತಿದ್ದರು. 1923ರಲ್ಲಿ ಲಾಂಗ್ ಐಲೆಂಡಿನ ಇನ್‌ವುಡ್‌ನಲ್ಲಿ, 1929ರಲ್ಲಿ ನ್ಯೂಯಾರ್ಕ್ ಪಕ್ಕದ ವಿಂಗ್ಡ್ ಫುಟ್‌ನಲ್ಲಿ ಯುಎಸ್ ಓಪನ್ ಗೆದ್ದ ಬಾಬಿ ಜೋನ್ಸ್, 1931ರಲ್ಲಿ ವಾರ್ನರ್ ಬ್ರದರ್ಸ್‌ಗಾಗಿ ಹನ್ನೆರಡು ಕಿರುಚಿತ್ರಗಳಲ್ಲಿ ತನ್ನ ಆಟವನ್ನು ನಿಧಾನಗತಿಯಲ್ಲಿ ತೋರಿಸಿದ. ಕೆಲವು ವರ್ಷಗಳ ನಂತರ ಎಂಐಟಿಯ ಹೆರಾಲ್ಡ್ ಎಡ್ಜರ್ಟನ್ ಕತ್ತಲ ಕೋಣೆಯಲ್ಲಿ ಪದೇ ಪದೇ ಬೆಳಕು ಮಿಂಚಿಸಿ, ಇಡೀ ಸ್ವಿಂಗನ್ನು ಒಂದೇ ಚಿತ್ರದ ಮೇಲೆ ಸಾಲಾಗಿ ಮೂಡಿಸಿದ. ಈ ಚರಿತ್ರೆಯಲ್ಲಿ ಆಸಕ್ತಿ ಇದ್ದರೆ ಲಿಬರ್ಟಿ ಕಾರ್ನರ್‌ನಲ್ಲಿರುವ ಯುಎಸ್‌ಜಿಎ ಮ್ಯೂಸಿಯಂ ನಿಮ್ಮ ಊರಿನಿಂದ ದೂರವೇನಿಲ್ಲ. ಬಾಬಿ ಜೋನ್ಸ್ ಹೆಸರಿನ ಕೋಣೆಯೇ ಅಲ್ಲಿದೆ. ದೇಶದ ಗಾಲ್ಫ್ ನಿಯಮ ಬರೆಯುವ ಆ ಯುಎಸ್‌ಜಿಎ ಸಂಸ್ಥೆಯ ಕೇಂದ್ರ ಕಚೇರಿಯೂ ಅದೇ ಆವರಣದಲ್ಲಿದೆ.

ಇಂದು ಆ ಸಾಮರ್ಥ್ಯ ಎಲ್ಲರ ಜೇಬಿನಲ್ಲೂ ಇದೆ. ಆದರೆ ಫೋನನ್ನು ಎಲ್ಲಿ, ಹೇಗೆ ಇಡುತ್ತೀರಿ ಎಂಬುದರ ಮೇಲೆ ಅದು ಹೇಳುವುದು ನಿಜವೋ ಸುಳ್ಳೋ ತೀರ್ಮಾನವಾಗುತ್ತದೆ. ಈ ವಿಷಯಕ್ಕೆ ಜನ ಕೊಡಬೇಕಾದಷ್ಟು ಗಮನ ಕೊಡುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲನೆಯದು ವೇಗ. ಗಂಟೆಗೆ 90 ಮೈಲಿ ವೇಗದಲ್ಲಿ ಬೀಸುವವರ ಕ್ಲಬ್ಬಿನ ತಲೆ ಸೆಕೆಂಡಿಗೆ 40 ಮೀಟರ್ ಸಾಗುತ್ತದೆ. ಸೆಕೆಂಡಿಗೆ 30 ಚಿತ್ರ ತೆಗೆಯುವ ಸಾಮಾನ್ಯ ವಿಡಿಯೊದಲ್ಲಿ ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಕ್ಲಬ್ 1.3 ಮೀಟರ್ ದಾಟಿಬಿಟ್ಟಿರುತ್ತದೆ. ಕ್ಲಬ್ ಮೇಲಿನಿಂದ ಇಳಿಯುವ ಇಡೀ ಡೌನ್‌ಸ್ವಿಂಗ್ ಏಳೆಂಟು ಚಿತ್ರಗಳಲ್ಲಿ ಮುಗಿಯುತ್ತದೆ. ಸ್ಲೋ ಮೋಷನ್‌ನಲ್ಲಿ 240ಕ್ಕೆ ಇಟ್ಟರೆ ಅರವತ್ತರಷ್ಟು ಚಿತ್ರ ಸಿಗುತ್ತವೆ, ನಡುವಿನ ಅಂತರ 17 ಸೆಂಟಿಮೀಟರಿಗೆ ಇಳಿಯುತ್ತದೆ. ಬೆಳಕು ಸಾಲದಿದ್ದರೆ ಕ್ಲಬ್ ಮಸುಕು ಬೀಸಣಿಗೆಯಾಗಿ ಕಾಣುತ್ತದೆ. ಚಳಿಗಾಲದಲ್ಲಿ ಹೀಟರ್ ಹಾಕಿದ ಮಾಡಿನ ಕೆಳಗೆ ಸಂಜೆ ತೆಗೆದ ವಿಡಿಯೊಗಳ ಪಾಡು ಇದೇ. ಅಂಥ ದಿನ ಕ್ಲಬ್ ಬಿಟ್ಟು ಮೈಯ ಚಲನೆಯನ್ನಷ್ಟೇ ನೋಡಿ.

ಎರಡನೆಯದು ನಿಲ್ಲಿಸುವ ಜಾಗ. ಹಿಂದಿನಿಂದ ತೆಗೆಯುವಾಗ ಫೋನು ನಿಮ್ಮ ಕೈಗಳ ಎತ್ತರದಲ್ಲಿ, ಕೈಗಳ ನೇರಕ್ಕೆ, ಗುರಿಯ ರೇಖೆಗೆ ಸಮಾನಾಂತರವಾಗಿ ಇರಬೇಕು. ನೆಲದ ಮೇಲೆ ಒಂದು ಅಲೈನ್‌ಮೆಂಟ್ ಕಡ್ಡಿ ಇಟ್ಟು ನೇರ ನೋಡಿಕೊಳ್ಳಿ. ಒಂದೆರಡು ಅಡಿ ಆಚೆ ಈಚೆ ಸರಿದರೂ ಸರಿಯಾಗಿ ಬಂದ ಕ್ಲಬ್ ಹೊರಗಿನಿಂದ ಬಂದಂತೆ, ಹೊರಗಿನಿಂದ ಬಂದದ್ದು ಸರಿಯಾಗಿ ಬಂದಂತೆ ಕಾಣುತ್ತದೆ. ಸ್ನೇಹಿತರು ಕೈಯಲ್ಲಿ ಹಿಡಿದು ಎದೆಯ ಎತ್ತರದಿಂದ ಓರೆಯಾಗಿ ತೆಗೆದ ವಿಡಿಯೊದ ಮೇಲೆ ಎಷ್ಟು ಅಚ್ಚುಕಟ್ಟಾಗಿ ಗೆರೆ ಎಳೆದರೂ ಅದಕ್ಕೆ ಅರ್ಥವಿಲ್ಲ. ಎದುರಿನಿಂದ ತೆಗೆಯುವುದಾದರೆ ಎದೆಯ ನೇರಕ್ಕೆ, ಅದೇ ಎತ್ತರದಲ್ಲಿ. ವೈಡ್ ಆಂಗಲ್ ಬೇಡ, ಅಂಚುಗಳನ್ನು ಬಾಗಿಸಿಬಿಡುತ್ತದೆ. ಫೋನನ್ನು ದೂರಕ್ಕೆ ಒಯ್ಯಿರಿ. ಮುಂದಿನ ತಿಂಗಳಿನ ವಿಡಿಯೊ ಇದರ ಜೊತೆ ಹೋಲಿಸುವಂತಿರಬೇಕಾದರೆ ಆಗಲೂ ಅದೇ ಜಾಗ, ಅದೇ ಕ್ಲಬ್, ಅದೇ ಎತ್ತರ.

ಇನ್ನೊಂದು ಸಂಗತಿ ಅನೇಕರನ್ನು ದಾರಿ ತಪ್ಪಿಸುತ್ತದೆ. ನಿಲ್ಲಿಸಿದ ಚಿತ್ರದಲ್ಲಿ ಕ್ಲಬ್ಬಿನ ಶಾಫ್ಟ್ ಬಿಲ್ಲಿನಂತೆ ಬಾಗಿರುವುದನ್ನು ಕಂಡು, ಎಂಥ ಬಲ ನನ್ನ ಕೈಯದು ಎಂದು ಹಿಗ್ಗುವವರಿದ್ದಾರೆ. ಶಾಫ್ಟ್ ಸ್ವಲ್ಪ ಬಾಗುವುದು ನಿಜ. ಆದರೆ ಫೋನಿನ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಕ್ಷಣದಲ್ಲಿ ಹಿಡಿಯುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ಓದಿ ಮುಗಿಸುವಷ್ಟರಲ್ಲಿ ಕ್ಲಬ್ ಮುಂದಕ್ಕೆ ಹೋಗಿರುವುದರಿಂದ ನೆಟ್ಟಗಿದ್ದದ್ದೂ ಬಾಗಿದಂತೆ ಮೂಡುತ್ತದೆ. ಅದನ್ನು ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ, ಹೊಸ ಶಾಫ್ಟ್ ಕೊಳ್ಳುವ ತೀರ್ಮಾನಕ್ಕಂತೂ ಬೇಡವೇ ಬೇಡ.

ಚೆಂಡು ಮತ್ತು ಕ್ಲಬ್ ಒಂದನ್ನೊಂದು ಮುಟ್ಟಿರುವ ಸಮಯ ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದಷ್ಟು. 240ರ ವಿಡಿಯೊದಲ್ಲಿ ಎರಡು ಚಿತ್ರಗಳ ನಡುವಿನ ಅವಧಿ ಅದರ ಎಂಟು ಪಟ್ಟಿಗಿಂತ ಹೆಚ್ಚು. ಹೀಗಾಗಿ ನಿಮ್ಮ ಚೆಂಡಿನ ಹಣೆಬರಹ ಬರೆದ ಕ್ಷಣ ಬಹುತೇಕ ಯಾವ ಚಿತ್ರದಲ್ಲೂ ಇರುವುದಿಲ್ಲ. ಆಗ ಮುಖ ಎರಡು ಡಿಗ್ರಿ ತೆರೆದಿತ್ತೋ ಮುಚ್ಚಿತ್ತೋ ಎಂಬುದನ್ನು ಫೋನು ಹೇಳಲಾರದು. ಅದಕ್ಕೆ ರೇಡಾರ್ ಬೇಕು, ಇಲ್ಲವೇ ಚೆಂಡು ಹಾರಿದ ದಾರಿಯನ್ನೇ ಓದಬೇಕು. ಚೆಂಡು ಮುಖದ ಯಾವ ಭಾಗಕ್ಕೆ ತಗಲಿತು ಎಂಬುದೂ ವಿಡಿಯೊದಲ್ಲಿ ಸಿಗುವುದಿಲ್ಲ. ಡ್ರೈವರ್‌ನಲ್ಲಿ ಹಿಮ್ಮಡಿಯ ಕಡೆಗೆ, ಅಂದರೆ ಹೀಲ್ ಕಡೆಗೆ ತಗಲಿದರೆ ಒಳ್ಳೆಯ ಸ್ವಿಂಗ್ ಕೂಡ ಸ್ಲೈಸ್ ಆಗುತ್ತದೆ. ಔಷಧದಂಗಡಿಯಲ್ಲಿ ಸಿಗುವ, ಪಾದಕ್ಕೆ ಹೊಡೆಯುವ ಪೌಡರ್ ಸ್ಪ್ರೇಯನ್ನು ಮುಖದ ಮೇಲೆ ತೆಳ್ಳಗೆ ಹೊಡೆದು ಆಡಿ. ಪ್ರತಿ ಹೊಡೆತದ ಗುರುತು ಉಳಿಯುತ್ತದೆ. ಕೆಲವು ಡಾಲರಿನ ಈ ಡಬ್ಬಿ ಕೊಡುವ ಮಾಹಿತಿ ಗೆರೆ ಎಳೆದ ವಿಡಿಯೊದಲ್ಲಿ ಇರುವುದಿಲ್ಲ.

ಈಚೆಗೆ ಒಂದೇ ಫೋನಿನ ವಿಡಿಯೊದಿಂದ ಮೈಯ ಮೂರು ಆಯಾಮದ ಅಸ್ಥಿಪಂಜರ ಬಿಡಿಸಿ, ಸೊಂಟ ಇಷ್ಟು ಡಿಗ್ರಿ, ಭುಜ ಇಷ್ಟು ಡಿಗ್ರಿ ಎಂದು ಲೆಕ್ಕ ಕೊಡುವ ಆ್ಯಪ್‌ಗಳು ಬಂದಿವೆ. ಒಂದೇ ಕಣ್ಣಿನಿಂದ ಕಂಡದ್ದರಲ್ಲಿ ಆಳ ಎಷ್ಟು ಎಂಬುದನ್ನು ಅವು ಅಂದಾಜು ಮಾಡುತ್ತವೆ. ತಿಂಗಳಿಂದ ತಿಂಗಳಿಗೆ ಏನು ಬದಲಾಯಿತು ಎಂದು ನೋಡಲು ಅಡ್ಡಿಯಿಲ್ಲ. ಒಂದೆರಡು ಡಿಗ್ರಿಗೆ ಬೆನ್ನು ಬೀಳಬೇಡಿ.

ಮೆಕ್‌ಇಲ್ರಾಯ್ ಪಕ್ಕದಲ್ಲಿಟ್ಟು ನೋಡುವುದನ್ನು ನಿಲ್ಲಿಸಿ ಎಂದು ನೇರವಾಗಿ ಹೇಳುತ್ತೇನೆ. 2025ರ ಸೆಪ್ಟೆಂಬರಿನಲ್ಲಿ ಬೆತ್‌ಪೇಜ್ ಬ್ಲ್ಯಾಕ್‌ನಲ್ಲಿ ರೈಡರ್ ಕಪ್ ನಡೆದ ಮೇಲೆ ನಮ್ಮ ಸುತ್ತಮುತ್ತಲಿನ ರೇಂಜುಗಳಲ್ಲಿ ಈ ಚಟ ಹೆಚ್ಚಿದೆ. ಆತನ ಸೊಂಟ ತಿರುಗುವ ವೇಗ, ಬೆನ್ನಿನ ಬಾಗು, ಎಳವೆಯಿಂದ ಆದ ತಾಲೀಮು ಯಾವುದೂ ನಿಮ್ಮದಲ್ಲ. ದಿನಕ್ಕೆ ಎಂಟು ಗಂಟೆ ಕುರ್ಚಿಯಲ್ಲಿ ಕೂರುವ ಬೆನ್ನು ನಿಮ್ಮದು. ಚಂದದ ಚಿತ್ರಕ್ಕೂ ಒಳ್ಳೆಯ ಹೊಡೆತಕ್ಕೂ ಇರುವ ನಂಟು ಸಡಿಲ ಎಂಬುದಕ್ಕೆ ಜಿಮ್ ಫ್ಯೂರಿಕ್‌ನನ್ನು ನೋಡಿ. ಕ್ಲಬ್ಬನ್ನು ನೆಟ್ಟಗೆ ಎತ್ತಿ, ಮೇಲೆ ಒಂದು ಸುತ್ತು ಹಾಕಿಸಿ ಇಳಿಸುವ ಆತನ ಸ್ವಿಂಗಿನ ಮೇಲೆ ಯಾವ ಕೋಚ್ ಗೆರೆ ಎಳೆದರೂ ಎಲ್ಲವೂ ತಪ್ಪೇ. ಆತ 2003ರ ಯುಎಸ್ ಓಪನ್ ಗೆದ್ದ. 2016ರಲ್ಲಿ ಪಿಜಿಎ ಟೂರ್‌ನ ಒಂದು ಸುತ್ತನ್ನು 58 ಹೊಡೆತಗಳಲ್ಲಿ ಮುಗಿಸಿದ. ಚೆಂಡಿಗೆ ತಗಲುವ ಹೊತ್ತಿಗೆ ಕ್ಲಬ್ ಪ್ರತಿ ಸಲವೂ ಅದೇ ಜಾಗಕ್ಕೆ ಬರುತ್ತಿತ್ತು, ಅಷ್ಟೇ ಬೇಕಾದದ್ದು. ವೃತ್ತಿಪರರಿಂದ ಏನಾದರೂ ಎರವಲು ಪಡೆಯಬೇಕೆಂದರೆ ಲಯವನ್ನು ಪಡೆಯಿರಿ. ಜಾನ್ ನೊವೊಸೆಲ್ ಎಂಬಾತ ವಿಡಿಯೊದ ಚಿತ್ರಗಳನ್ನು ಒಂದೊಂದಾಗಿ ಎಣಿಸಿ, ಒಳ್ಳೆಯ ಆಟಗಾರರು ಕ್ಲಬ್ ಎತ್ತಲು ತೆಗೆದುಕೊಳ್ಳುವ ಸಮಯ ಇಳಿಸುವ ಸಮಯದ ಮೂರು ಪಟ್ಟು ಎಂದು ಗುರುತಿಸಿ 2004ರಲ್ಲಿ ಪುಸ್ತಕ ಬರೆದ. ಸೆಕೆಂಡಿಗೆ 30 ಚಿತ್ರದ ಲೆಕ್ಕದಲ್ಲಿ 21ಕ್ಕೆ 7, 24ಕ್ಕೆ 8, 27ಕ್ಕೆ 9. ನಿಮ್ಮದನ್ನೂ ಎಣಿಸಬಹುದು. ಇದಕ್ಕೆ ಗೆರೆ ಬೇಡ, ಕ್ಯಾಮೆರಾ ಅಷ್ಟು ನೇರ ಇರಬೇಕಾಗಿಯೂ ಇಲ್ಲ.

ವಿಡಿಯೊ ಇಟ್ಟು ಕಲಿಸುವುದರ ಬಗ್ಗೆ ಸಂಶೋಧನೆಯೂ ಆಗಿದೆ. 2002ರಲ್ಲಿ ಮಾರ್ಕ್ ಗ್ವಾಡಗ್ನೋಲಿ ಮತ್ತು ಸಂಗಡಿಗರು ಗಾಲ್ಫ್ ಆಟಗಾರರನ್ನು ಮೂರು ಗುಂಪು ಮಾಡಿದರು: ಒಂದಕ್ಕೆ ವಿಡಿಯೊ ತೋರಿಸಿ ಪಾಠ, ಇನ್ನೊಂದಕ್ಕೆ ಬರೀ ಮಾತಿನ ಪಾಠ, ಮತ್ತೊಂದಕ್ಕೆ ಸ್ವಂತ ಅಭ್ಯಾಸ. ಎರಡು ವಾರ ಬಿಟ್ಟು ಪರೀಕ್ಷಿಸಿದಾಗ ಎಲ್ಲರಿಗಿಂತ ಮುಂದಿದ್ದದ್ದು ವಿಡಿಯೊ ಗುಂಪು. ಆದರೆ ಆ ಲಾಭ ಕಾಣಿಸಿಕೊಳ್ಳಲು ಸಮಯ ಬೇಕಾಗುತ್ತದೆ ಎಂಬುದೂ ಅವರ ತೀರ್ಮಾನವಾಗಿತ್ತು. ಪಾಠದ ಮರುದಿನವೇ ಚೆಂಡು ನೇರ ಹೋಗಬೇಕೆಂದು ನೀವು ಕಾಯುತ್ತಿದ್ದರೆ ಅದು ನ್ಯಾಯವಲ್ಲ. ಇನ್ನೊಂದು ಪ್ರಯೋಗ ಗೇಬ್ರಿಯೆಲೆ ವುಲ್ಫ್ ಮತ್ತು ಸಂಗಡಿಗರದು, 1999ರದು. ಹೊಸದಾಗಿ ಪಿಚ್ ಹೊಡೆತ ಕಲಿಯುವವರಲ್ಲಿ, ತಮ್ಮ ತೋಳುಗಳ ಚಲನೆಯ ಮೇಲೆ ಗಮನವಿಟ್ಟವರಿಗಿಂತ ಕ್ಲಬ್ಬಿನ ಚಲನೆಯ ಮೇಲೆ ಗಮನವಿಟ್ಟವರು ಚೆನ್ನಾಗಿ ಕಲಿತರು. ರಾತ್ರಿಯೆಲ್ಲ ಸ್ವಂತ ಮೊಣಕೈ, ಸೊಂಟ, ಮಂಡಿ ನೋಡಿದವರು ಮರುದಿನ ಚೆಂಡಿನ ಮುಂದೆ ನಿಂತಾಗ ತಲೆಯಲ್ಲಿ ಇರುವುದು ಅವೇ. ನಿಮ್ಮ ಆಟ ಬಿಗಿಯಾಗಲು ಇದೂ ಒಂದು ಕಾರಣ ಇರಬೇಕು ಎಂದು ನನ್ನ ಗಟ್ಟಿ ಅನುಮಾನ.

ಮುಂದಿನ ಪಾಠದಲ್ಲಿ ಹೀಗೆ ಮಾಡಿ. ಹೊಡೆದ ಕೂಡಲೇ ಫೋನಿನತ್ತ ಹೋಗಬೇಡಿ. ಏನಾಯಿತು ಎಂದು ನಿಮಗೆ ಅನಿಸಿತೋ ಅದನ್ನು ಕೋಚ್‌ಗೆ ಬಾಯಿಬಿಟ್ಟು ಹೇಳಿ: ಮುಖ ತೆರೆದಿತ್ತು, ಹೀಲ್‌ಗೆ ತಗಲಿತು, ತೂಕ ಹಿಂಗಾಲಿನಲ್ಲೇ ಉಳಿಯಿತು, ಹೀಗೆ. ಆಮೇಲೆ ವಿಡಿಯೊ ನೋಡಿ. ಹೇಳಿದ್ದಕ್ಕೂ ಕಂಡದ್ದಕ್ಕೂ ಅಂತರ ಎಷ್ಟು ಎಂಬುದೇ ಆ ದಿನದ ಪಾಠ. ಪ್ರತಿ ಹೊಡೆತವನ್ನೂ ನೋಡಬೇಡಿ, ಏಕೆಂದರೆ ಪ್ರತಿ ಸಲವೂ ಹೊರಗಿನಿಂದ ಉತ್ತರ ಸಿಗುತ್ತಿದ್ದರೆ ಮೈ ತಾನೇ ತಿಳಿದುಕೊಳ್ಳುವ ಗೋಜಿಗೆ ಹೋಗುವುದಿಲ್ಲ. ಒಂದು ವಿಡಿಯೊಗೆ ಒಂದೇ ಪ್ರಶ್ನೆ. ಈ ತಿಂಗಳು ನಿಮ್ಮ ಪ್ರಶ್ನೆ ಹಿಡಿತದ್ದು, ದಾರಿಯದ್ದು ಅಲ್ಲ. ಹೊಸ ಹಿಡಿತದಲ್ಲಿ 7ನೇ ಐರನ್ ತೆಗೆದುಕೊಂಡು ಸೊಂಟದೆತ್ತರದ ಅರ್ಧ ಸ್ವಿಂಗ್ ಮಾಡಿ. ಚೆಂಡು ಎಡಕ್ಕೆ ಹೊರಟು ಎಡಕ್ಕೇ ತಿರುಗತೊಡಗಿದರೆ ಗಾಬರಿಯಾಗಬೇಡಿ. ಮುಖ ಮುಚ್ಚತೊಡಗಿದೆ ಎಂದರ್ಥ. ಕ್ಲಬ್ಬಿನ ದಾರಿಯನ್ನು ತಿದ್ದುವ ಸಮಯ ಬರುವುದು ಆಗ. ಕೋಚ್ ಎಳೆದ ಆ ಗೆರೆ ಆಗ ನಿಮ್ಮ ಕೆಲಸಕ್ಕೆ ಬರುತ್ತದೆ.

ಕೋಚ್ ಹತ್ತಿರ ಇನ್ನೂ ಒಂದು ಕೇಳಿ: ಮನೆಗೆ ಕಳಿಸುವ ವಿಡಿಯೊದಲ್ಲಿ ತಪ್ಪಿನ ಜೊತೆ, ಅದೇ ಪಾಠದಲ್ಲಿ ಸರಿಯಾಗಿ ಬಂದ ಒಂದು ಹೊಡೆತವನ್ನೂ ಸೇರಿಸಿ ಎಂದು. ಮೆಕ್‌ಇಲ್ರಾಯ್ ಇದ್ದ ಜಾಗದಲ್ಲಿ ಅದನ್ನು ಇಟ್ಟುಕೊಳ್ಳಿ. ನಿಮ್ಮ ಮೈಯೇ ಮಾಡಿ ತೋರಿಸಿದ್ದನ್ನು ನಿಮ್ಮ ಮೈ ಮತ್ತೆ ಮಾಡಬಲ್ಲದು.

ಇನ್ನು ಮಗಳ ವಿಷಯ. ಹನ್ನೊಂದರ ವಯಸ್ಸಿನಲ್ಲಿ ಮೈ ಪ್ರತಿ ವರ್ಷ ಬದಲಾಗುತ್ತಿರುತ್ತದೆ, ಈ ವರ್ಷದ ಗೆರೆ ಮುಂದಿನ ವರ್ಷಕ್ಕೆ ಹೊಂದುವುದಿಲ್ಲ. ಮಕ್ಕಳು ನೋಡಿ ಅನುಕರಿಸುವುದರಲ್ಲಿ ನಮಗಿಂತ ಎಷ್ಟೋ ಮುಂದೆ. ಬಿಡದಿಯ ಹತ್ತಿರದ ಈಗಲ್‌ಟನ್‌ನಲ್ಲಿ ಚಿಕ್ಕ ಹುಡುಗನಾಗಿ ಬೇರೆಯವರ ಆಟ ನೋಡುತ್ತಾ ಬೆಳೆದ ಚಿಕ್ಕರಂಗಪ್ಪ, ಮುಂದೆ ವಿಜಯ್ ದಿವೇಚ ಅವರ ಕೈಯಲ್ಲಿ ಪಳಗಿ ವೃತ್ತಿಪರ ಆಟಗಾರರಾದರು. ಬೆಂಗಳೂರಿನ ಅದಿತಿ ಅಶೋಕ್ ಐದರ ವಯಸ್ಸಿಗೆ ಕ್ಲಬ್ ಹಿಡಿದವರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ತಾಯಿಯನ್ನೇ ಕ್ಯಾಡಿ ಮಾಡಿಕೊಂಡು ಆಡಿ, ತಮಗಿಂತ ಎಷ್ಟೋ ದೂರ ಹೊಡೆಯುವವರ ನಡುವೆ ಪಾರ್‌ಗಿಂತ 15 ಕಡಿಮೆ ಹೊಡೆತಗಳಲ್ಲಿ ಮುಗಿಸಿ ನಾಲ್ಕನೆಯವರಾದರು. ಪದಕ ತಪ್ಪಿದ್ದು ಒಂದೇ ಒಂದು ಹೊಡೆತಕ್ಕೆ. ಅವರನ್ನು ಅಲ್ಲಿಯವರೆಗೆ ತಂದದ್ದು ಮುಖ್ಯವಾಗಿ ಪಟ್ಟಿಂಗ್. ಮಗಳಿಗೆ ಅದಿತಿ ಆ ವಾರ ಗ್ರೀನಿನ ಮೇಲೆ ಆಡಿದ್ದನ್ನು ತೋರಿಸಿ, ಅವಳದೇ ಸ್ವಿಂಗನ್ನು ಬೇಡ. ಅವಳ ವಿಡಿಯೊ ತೆಗೆದು ದಿನಾಂಕ ಹಾಕಿ ಇಟ್ಟಿರಿ, ಕೋಚ್‌ಗೆ ಕಳಿಸಿ. ಅವಳಾಗಿ ಕೇಳಿದರೆ ತೋರಿಸಿ. ಉಳಿದಂತೆ ಅವಳು ಬಲವಾಗಿ ಬೀಸಲಿ, ಚೆಂಡು ಎಲ್ಲಿ ಹೋಯಿತು ಎಂದು ಅವಳೇ ನೋಡಲಿ. ರೇಂಜಿನಲ್ಲಿ ಪಕ್ಕದವರ ಮಕ್ಕಳು ಚಿತ್ರದಲ್ಲಿ ಬೀಳುವಂತಿದ್ದರೆ ಅವರ ಅಪ್ಪ ಅಮ್ಮನನ್ನು ಒಂದು ಮಾತು ಕೇಳಿ ತೆಗೆಯಿರಿ.